ಗೋಡೆಯೊಂದನ್ನು ಬಿಟ್ಟು ಊರನ್ನೆಲ್ಲ ಹೊತ್ತ ಸಾರವೆಗೆ

ಕುಷ್ಟಗಿ, ಮಹಾನವಮಿಯ ಬೆಳಿಗ್ಗೆ

ನನ್ನ ಮನೆಯ ಮುಂದೆ ಬಿಜಯಂಗೈದು ಇನ್ನೂ ಮುಂದಕ್ಕೆ ಹೊರಡದ ಮಾನ್ಯ ಸಾರವೆಯವರ ಸನ್ನಿಧಿಗೆ,

ಮಾನ್ಯರೇ,

ಈ ಮನೆಯ ಮಾಲೀಕನೆಂದು ಇನ್ನೂ ಕೆಲವರು ನಂಬಿರುವ ಬೆಲ್ಲದ ವ್ಯಾಪಾರಿ ಕೊಟ್ರಪ್ಪನು ತಲೆಬಾಗಿ ಮಾಡುವ ನಮಸ್ಕಾರಗಳು. ತಲೆಬಾಗಿ ಎಂದದ್ದು ಬರೀ ಶಿಷ್ಟಾಚಾರವೆಂದು ತಿಳಿಯಬಾರದು. ತಮ್ಮ ಅಡ್ಡಗಳವು ನನ್ನ ತಲೆಬಾಗಿಲಿಗೆ ಸರಿಯಾಗಿ ಹಣೆಮಟ್ಟದಲ್ಲಿ ಬಂದಿರುವುದರಿಂದ ನಾನು ದಿನವೂ ಬಾಗಿಯೇ ಹೊರಬಂದು ಬಾಗಿಯೇ ಒಳಹೋಗುತ್ತೇನೆ. ನನ್ನ ತಂದೆ ಹೊಡೆದು ಬಡಿದು ಕಲಿಸಲಾಗದ ವಿನಯವನ್ನು ತಾವು ಒಂದು ಬಿದಿರಿನಿಂದ ಕಲಿಸಿದ್ದೀರಿ.

ಈ ಅರ್ಜಿಯನ್ನು ತಹಸೀಲ ಕಚೇರಿಗೆ ಕೊಡಬೇಕಾಗಿತ್ತು. ಕಚೇರಿಯವರು ಉರ್ದುವಿನಲ್ಲಿ ಬರೆಸಿಕೊಂಡು ಬಾ ಎನ್ನುತ್ತಾರೆ. ತಮಗೆ ಯಾವ ಭಾಷೆಯಲ್ಲಿ ಹೇಳಿದರೂ ಒಂದೇ ಆದ್ದರಿಂದ, ನನಗೆ ಬರುವ ಭಾಷೆಯಲ್ಲೇ ಬರೆದು ತಮ್ಮ ಬಲಗಡೆಯ ಗಳಕ್ಕೆ ಅಂಟಿಸುತ್ತಿದ್ದೇನೆ. ಓದು ಬಂದವರು ಓದಲಿ, ಬಾರದವರು ಎಂದಿನಂತೆ ಇದರ ಮೇಲೆ ಅಂಗಿ ಒಣಹಾಕಲಿ.

ವಿಷಯವಿಷ್ಟೆ. ನನ್ನ ಒಬ್ಬಳೇ ಮಗಳು ಪಾರ್ವತೆಮ್ಮ ಬೇವೂರಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ದೀಪಾವಳಿಯ ಪಾಡ್ಯಕ್ಕೆ ಬರುವವಳಿದ್ದಾಳೆ. ಬಾಣಂತಿ ಮಲಗುವಂಥ ಕೋಣೆ ನಮ್ಮಲ್ಲಿರುವುದು ಒಂದೇ, ಅದರ ಗೋಡೆ ತಾವು ಕಾವಲು ಕಾಯುತ್ತಿರುವ ಈ ಬೀದಿಗೋಡೆ. ಅದು ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದೆ. ಮಗಳ ಹೊಟ್ಟೆಗೆ ಒಂಬತ್ತು ತಿಂಗಳೆಂಬ ಗಡುವು ಉಂಟು, ಗೋಡೆಯದಕ್ಕೆ ಯಾವ ಗಡುವೂ ಇಲ್ಲ. ನನಗೆ ಹೆದರಿಕೆಯಾಗಿದೆ, ಮಾನ್ಯರೇ.

ತಾವು ಬಂದದ್ದು ಜರ್ಮನಿಯವರು ಸೋತ ಬೇಸಿಗೆಯಲ್ಲಿ. ಅವರು ಸೋತು ಮನೆ ಸೇರಿದರು, ತಾವು ಮಾತ್ರ ಇಲ್ಲೇ ಇದ್ದೀರಿ. ನಮ್ಮ ಓಣಿಯ ಗೌಂಡಿ ಗ್ಯಾನಪ್ಪ ಈ ಗೋಡೆ ಇಳಿಸಿ ಕಟ್ಟಲೆಂದು ಬಿದಿರು ನಿಲ್ಲಿಸಿ, ಪುಂಡಿ ಹಗ್ಗ ಬಿಗಿದು, ಹಲಗೆ ಹಾಸಿ, ಕಡೆಗೆ ಒಂದು ಬಿದಿರು ಕಡಿಮೆ ಬಿದ್ದದ್ದಕ್ಕೆ ಹಳ್ಳದ ದಂಡೆಯಿಂದ ಹಾಲವಾಣದ ಹಸಿ ಗಳವೊಂದನ್ನು ಕಡಿದು ತಂದು ಮೂಲೆಗೆ ನೆಟ್ಟ. "ಹುಲಿಗೆಮ್ಮಗ ಒಂದು ಕಾಯಿ ಒಡಿಸಿಕೊಂಡು ಬಂದಬಿಡ್ತೀನ್ರಿ ಸಾವ್ಕಾರ್ರ, ಬಂದ ಮ್ಯಾಲ ಗ್ವಾಡಿ ಬಿಚ್ಚತೀನಿ" ಎಂದು ಹೇಳಿ ಹೋದ. ಆ ಅಮ್ಮನ ಊರು ಹುಲಿಗಿಯ ಮಗ್ಗುಲಲ್ಲೇ ಹೊಳೆಗೆ ಆಣೆಕಟ್ಟಿನ ಕೆಲಸ ಶುರುವಾಗಿತ್ತು. ಕಾಯಿ ಒಡೆಸಿದನೋ ಇಲ್ಲವೋ ಅಮ್ಮನಿಗೇ ಗೊತ್ತು, ಗ್ಯಾನಪ್ಪ ಅಲ್ಲೇ ಕೆಲಸಕ್ಕೆ ನಿಂತ. ತುಂಗಭದ್ರೆಯನ್ನೇ ತಡೆಯಲು ಹೊರಟವನಿಗೆ ನನ್ನ ಗೋಡೆ ಯಾವ ಗಿಡದ ತಪ್ಪಲು? ಬೇರೆ ಗೌಂಡಿಗಳನ್ನು ಕರೆದೆ. ಬಂದವರೆಲ್ಲ ತಮ್ಮನ್ನು ಮೇಲಿಂದ ಕೆಳಗೆ ನೋಡಿ, ಒಬ್ಬ ಗೌಂಡಿ ಕಟ್ಟಿದ ಸಾರವೆಯನ್ನು ಇನ್ನೊಬ್ಬ ಹತ್ತಬಾರದೆಂಬ ಗೌಂಡಿ ಕಸುಬಿನ ನೇಮ ಹೇಳಿ, ಎಲೆಅಡಿಕೆ ಹಾಕಿಕೊಂಡು ಹೋದರು.

ಹಾಗೆಂದು ತಾವು ಸುಮ್ಮನೆ ನಿಂತಿದ್ದೀರೆಂದರೆ ನನ್ನ ನಾಲಿಗೆ ಬಿದ್ದುಹೋದೀತು. ಮೊದಲು ಎದುರುಮನೆಯ ಖಾಜಾಬೀ ತಮ್ಮ ಮೇಲ್ಹಲಗೆಯಲ್ಲಿ ಮೆಣಸಿನಕಾಯಿ ಹರವಿದಳು. ಕೇಳಿದ್ದಕ್ಕೆ, "ಇರ್ಲಿ ಬಿಡ್ರಿ ಅಣ್ಣಾರ, ಖಾಲಿ ಅಂತೂ ಐತಿ" ಎಂದಳು. ಮೆಣಸಿನಕಾಯಿಯ ಹಿಂದೆ ಕೌದಿ ಬಂತು, ಕೌದಿಯ ಹಿಂದೆ ಕೋಳಿ ಬಂದವು. ಆಮೇಲೆ ಹಜಾಮ ಹುಸೇನಪ್ಪ ತಮ್ಮ ನಡುಗಳಕ್ಕೆ ಕನ್ನಡಿ ತೂಗುಹಾಕಿ, ತಮ್ಮ ನೆರಳಿನಲ್ಲಿ ಊರಿನ ಗಡ್ಡವನ್ನೆಲ್ಲ ಕೆರೆಯತೊಡಗಿದ. ಡಂಗುರದವನು ಓಣಿ ಓಣಿ ತಿರುಗುವುದನ್ನು ಬಿಟ್ಟು ತಮ್ಮ ಮೇಲೆ ಹತ್ತಿ ಒಂದೇ ಸಲ ಬಾರಿಸಿ ಇಳಿಯುತ್ತಾನೆ. ಮೊಹರಮ್ಮಿನ ಅಲಾವಿ ಹಬ್ಬದಲ್ಲಿ ಪೀರಲ ದೇವರ ಸವಾರಿ ನೋಡಲು ಹೆಂಗಸರಿಗೆ ಬೇರೆ ಅಟ್ಟ ಬೇಕಾಗಲಿಲ್ಲ. ತಹಸೀಲ ಪೇಶಕಾರರು ಕುದುರೆಯನ್ನು ತಮಗೆ ಕಟ್ಟಿ ಚಹಾಕ್ಕೆ ಹೋಗುತ್ತಾರೆ, ಕುದುರೆ ನನ್ನ ಕಿಟಕಿಯೊಳಗೆ ತಲೆ ಹಾಕಿ ಬೆಲ್ಲ ಕೇಳುತ್ತದೆ. ಯಾರೂ ನೆಡದ ಹೀರೆಬಳ್ಳಿಯೊಂದು ತಮ್ಮನ್ನು ಹಬ್ಬಿ ಕಾಯಿ ಬಿಟ್ಟಿತು, ಆ ಕಾಯಿಯ ಪಲ್ಲೆ ಊರೆಲ್ಲ ಉಂಡಿತು, ನಮ್ಮ ಮನೆಯೊಂದನ್ನು ಬಿಟ್ಟು.

ತಮ್ಮಿಂದ ಈವರೆಗೆ ಆಗದ ಕೆಲಸವೆಂದರೆ ಗೋಡೆ ಕಟ್ಟುವುದೊಂದೇ. ಅದು ತಮ್ಮ ಘನತೆಗೆ ಕಡಿಮೆಯಾಗಬಹುದು.

ಮೂರು ತಲೆಮಾರು ಬೆಲ್ಲ ಮಾರಿ ಗಳಿಸಿದ "ಬೆಲ್ಲದವರು" ಎಂಬ ಮನೆತನದ ಹೆಸರನ್ನೂ ತಾವು ನುಂಗಿದ್ದೀರಿ. ಈಗ ನಾನು ಪೇಟೆಗೆಲ್ಲ "ಸಾರವಿ ಕೊಟ್ರಪ್ಪ". ಹೊಸ ಗಿರಾಕಿಗಳು ಅಂಗಡಿಗೆ ಬಂದು ಬಿದಿರು ಕೇಳುತ್ತಾರೆ. ನನ್ನ ಹೆಂಡತಿ ಮುದುಕಮ್ಮ ಮಾತ್ರ ಮೊದಲಿನಿಂದಲೂ ಒಂದೇ ಮಾತು ಹೇಳುತ್ತ ಬಂದಿದ್ದಾಳೆ: "ಗ್ವಾಡಿಗೆ ಸಾರವಿ ಆಸರಾನೋ, ಸಾರವಿಗೆ ಗ್ವಾಡಿ ಆಸರಾನೋ, ಅದನ್ನಾರ ಕೇಳಿ ಬರ್ರಿ." ಕೇಳಬೇಕಾದವನು ಹೊಳೆಯ ದಂಡೆಯಲ್ಲಿದ್ದಾನೆ.

ಇದೂ ಹೋಗಲಿ ಎನ್ನುತ್ತಿದ್ದೆ. ಆದರೆ ಹೋದ ಮಾಘದಲ್ಲಿ ಪಕ್ಕದ ಮನೆಯ ಮುದಿಯಪ್ಪನ ಮಗಳ ಮದುವೆ ಬಂತು. ಮದುವೆಯ ಹಂದರಕ್ಕೆ ಹಾಲವಾಣದ ಗಂಬವೊಂದನ್ನು ನೆಟ್ಟು ಪೂಜಿಸುವುದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಮುದಿಯಪ್ಪನ ಮನೆಯ ಹಿರಿಯ ಹೆಂಗಸರು ತಮ್ಮ ಮೂಲೆಯ ಗಳವನ್ನು ಕಂಡು, ದೇವರೇ ಮುಂಚಿತವಾಗಿ ಹಂದರಗಂಬ ನೆಟ್ಟಿದ್ದಾನೆಂದು ಅರಿಸಿನ ಬಳಿದು, ಕಂಕಣ ಕಟ್ಟಿ, ಆರತಿ ಬೆಳಗಿಬಿಟ್ಟರು. ನಾನು ಸಂತೆಯಿಂದ ಬರುವಷ್ಟರಲ್ಲಿ ತಮ್ಮ ಮೇಲೆ ತಗಡು ಬಿದ್ದು, ಕೆಳಗೆ ಪಂಕ್ತಿ ಕೂತಿತ್ತು. ಮಗಳು ತವರಿಗೆ ತಿರುಗಿ ಬಂದು ನೀರು ಹಾಕುವ ತನಕ ಗಂಬ ಕೀಳಬಾರದೆಂಬುದು ಅವರ ಮನೆಯ ಪದ್ಧತಿಯಂತೆ. ಮಗಳು ಬಂದಳು, ನೀರು ಹಾಕಿದಳು, ಅತ್ತೆಯ ಮನೆ ಸೇರದೆಂದು ಅಲ್ಲೇ ಉಳಿದು ದಿನಾ ನೀರು ಹಾಕಿದಳು. ಮಿರಗದ ಮಳೆ ಬಿತ್ತು. ಗಂಬ ಚಿಗುರಿತು.

ಚಿಗುರಿದ ಹಂದರಗಂಬಕ್ಕೆ ಕೊಡಲಿ ಹಾಕುವ ಗಂಡಸು ಈ ತಾಲೂಕಿನಲ್ಲಿ ಹುಟ್ಟಿಲ್ಲ, ನಾನಂತೂ ಅಲ್ಲ. ಈಗ ಹೆಂಗಸರು ಮಂಗಳವಾರ ಮಂಗಳವಾರ ಬಂದು ಕುಂಕುಮ ಹಚ್ಚಿ, ನನ್ನ ಹೊಸ್ತಿಲ ಮೇಲೆ ಕೂತು, ನನ್ನ ಗೋಡೆ ಯಾವಾಗ ಬೀಳುತ್ತದೆಂದು ಮಾತಾಡಿ ಹೋಗುತ್ತಾರೆ.

ಕಳೆದ ವಾರ ಬೇವೂರಿನಿಂದ ನಮ್ಮ ಬೀಗರಾದ ದೊಡ್ಡಬಸಪ್ಪನವರು, ಸೊಸೆಯನ್ನು ಕಳಿಸುವ ಮುಂಚೆ ಮನೆ ನೋಡಲು ಬಂದರು. ಬಾಗಿಲೆತ್ತರದ ಮನುಷ್ಯ, ಬಾಗಿ ಗೊತ್ತಿಲ್ಲ. ತಮ್ಮ ಅಡ್ಡಗಳವು ಅವರ ರುಮಾಲನ್ನು ಖಾಜಾಬೀಯ ಕೋಳಿಗಳ ನಡುವೆ ಕೆಡವಿತು. ನಾನು ಓಡಿಹೋಗಿ ಕೋಳಿಗಳನ್ನು ಅಟ್ಟಿದೆ. ಬೀಳುವ ಗೋಡೆಯ ಮನೆಗೆ ಸೊಸೆಯನ್ನು ಕಳಿಸುವುದಿಲ್ಲ ಎಂದಿದ್ದರೆ ತಪ್ಪು ಅವರದಾಗುತ್ತಿರಲಿಲ್ಲ. ಅವರು ರುಮಾಲು ಝಾಡಿಸಿಕೊಂಡು, ಗೋಡೆಯ ಕಡೆ ತಿರುಗಿಯೂ ನೋಡದೆ, ಮೂಲೆಯ ಗಳಕ್ಕೆ ಕೈಮುಗಿದು, "ಹಂದರಗಂಬ ಚಿಗಿತಿದ್ದು ನನ್ನ ಜಲಮದಾಗ ನೋಡಿದ್ದಿಲ್ಲ. ಇದಕಿಂತ ಛಲೋ ಶಕುನ ಯಾವುದೈತಿ? ಪಾಡ್ಯಕ್ಕ ಕಳಸ್ತೇವಿ" ಎಂದು ಗಾಡಿ ಹತ್ತಿದರು. ಓಣಿಯೆಲ್ಲ ಸಂತೋಷಪಟ್ಟಿತು. ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಮಗಳ ಮಂಚ ಹಾಕುವ ಜಾಗದಲ್ಲಿ ನಿಂತು ಗೋಡೆಯ ಬಿರುಕಿನಲ್ಲಿ ಕೈಯಿಟ್ಟೆ. ಮೊಣಕೈ ತನಕ ಹೋಯಿತು.

ಆದ್ದರಿಂದ ಮಾನ್ಯರಲ್ಲಿ ಬೇಡಿಕೊಳ್ಳುವುದೇನೆಂದರೆ, ತಾವು ಈ ಕೂಡಲೆ ಮನೆ ಬಿಟ್ಟು ಹೋಗಬೇಕು. ಹೋಗಲಾಗದಿದ್ದರೆ, ಗೌಂಡಿಯ ದಾರಿ ಕಾಯದೆ ತಾವೇ ಗೋಡೆಯನ್ನು ಇಳಿಸಿ ಕಟ್ಟಿಕೊಡಬೇಕು. ಇಷ್ಟೆಲ್ಲ ಕಲಿತವರಿಗೆ ಅದೊಂದು ಕಷ್ಟವಲ್ಲ. ಅದೂ ಆಗದಿದ್ದರೆ, ನನ್ನ ಮಗಳು ಹಡೆದು, ಕೂಸಿಗೆ ಹೆಸರಿಟ್ಟು, ಎದ್ದು ಓಡಾಡುವ ತನಕ ದಯಮಾಡಿ ಆ ಗೋಡೆಯನ್ನು ಗಟ್ಟಿಯಾಗಿ ಹಿಡಿದಿರಬೇಕು. ಆಮೇಲೆ ಅದನ್ನು ನನ್ನ ತಲೆಯ ಮೇಲೆ ಬೇಕಾದರೂ ಕೆಡವಿರಿ, ನಾನು ತಕರಾರು ಮಾಡುವುದಿಲ್ಲ.

ಸದಾ ತಮ್ಮ ಅಡ್ಡಗಳದ ಕೆಳಗೆ ಬಾಗಿರುವ,
ತಮ್ಮ ವಿಶ್ವಾಸಿ,
ಸಾರವಿ (ಮೊದಲು ಬೆಲ್ಲದ) ಕೊಟ್ರಪ್ಪ

ತಾ.ಕ.: ಅಂಟಿಸಿದ ಪತ್ರಕ್ಕೆ ಮರುದಿನ ಸಂಜೆ ಇದಿಷ್ಟನ್ನು ಸೇರಿಸುತ್ತಿದ್ದೇನೆ. ಬನ್ನಿ ಕೊಡಲೆಂದು ಗ್ಯಾನಪ್ಪ ಊರಿಗೆ ಬಂದಿದ್ದ. ಬನ್ನಿ ಕೈಗಿಟ್ಟವನನ್ನು ಬೈಯುವಂತಿಲ್ಲವೆಂದು ಅವನಿಗೂ ಗೊತ್ತು. "ಬಂಗಾರದಂಗ ಇರೂಣ್ರಿ ಸಾವ್ಕಾರ್ರ" ಎಂದು ಕಾಲಿಗೆ ಬಿದ್ದು, ಗೋಡೆಯ ಸುದ್ದಿ ಬಿಟ್ಟು, ಕಾರ್ತಿಕದಲ್ಲಿ ತನ್ನ ಮಗಳ ಮದುವೆಯೆಂದೂ, ಇಂಥ ಚಿಗುರಿದ ಗಂಬ ಇರುವಾಗ ಬೇರೆ ಹಂದರ ಯಾಕೆಂದು ಇಲ್ಲೇ ಮಾಡಲು ನಿಶ್ಚಯಿಸಿರುವುದಾಗಿಯೂ ಹೇಳಿದ. ನಾನು ಬನ್ನಿ ಹಿಡಿದೇ ಹೊಸ್ತಿಲ ಮೇಲೆ ಕೂತೆ. ಒಳಗಿನಿಂದ ಮುದುಕಮ್ಮ, "ಮಾಡಪಾ, ಯಾರು ಬ್ಯಾಡ ಅಂತಾರ. ಆದ್ರ ಸೊಟ್ಟ ಗ್ವಾಡಿ ಮುಂದ ಮದವಿ ಅಕ್ಕಿಕಾಳು ಬಿದ್ರ ಹುಡುಗಿ ಬಾಳೇವು ಸೊಟ್ಟ ಆಗತೈತಿ, ನಮ್ಮ ಮನಿ ಪದ್ಧತಿ ಹಂಗೈತಿ" ಎಂದಳು. ಇಂಥದೊಂದು ಪದ್ಧತಿ ನಮ್ಮ ಮನೆಯಲ್ಲಿದೆಯೆಂದು ನನಗೆ ಇವತ್ತೇ ಗೊತ್ತಾದದ್ದು. ಗ್ಯಾನಪ್ಪ ಗೋಡೆಯನ್ನೂ ಗಂಬವನ್ನೂ ಬಹಳ ಹೊತ್ತು ನೋಡಿ, ಆಣೆಕಟ್ಟಿಗೆ ರಜೆ ಹೇಳಿ ಕಳಿಸಿದ. ನಾಳೆ ಬೆಳಿಗ್ಗೆ ಕರಣಿ ಹಿಡಿದ ಮನುಷ್ಯನೊಬ್ಬ ಗೋಡೆ ಕಟ್ಟಲೆಂದು ತಮ್ಮ ಮೇಲೆ ಹತ್ತಲಿದ್ದಾನೆ. ತಮಗೆ ಇದು ರೂಢಿಯಿಲ್ಲ, ಗಾಬರಿಯಾಗಬೇಡಿ.