ನೀರಿನ ತೊಟ್ಟಿಯಲ್ಲಿ ಚಿತ್ರದುರ್ಗದವನು

ನೀರು ಹರಿದು ಹೋಗುವುದನ್ನು ನೋಡಿಕೊಂಡು ತೆಪ್ಪಗಿರುವ ಶಕ್ತಿ ನನಗಿಲ್ಲ. ಇದು ರೋಗವೆಂದು ನನ್ನ ಹೆಂಡತಿ, ಸಂಸ್ಕಾರವೆಂದು ನಾನು. ನಾನು ಬೆಳೆದದ್ದು ಚಿತ್ರದುರ್ಗದಲ್ಲಿ. ನಮ್ಮ ಬೀದಿಯ ನಲ್ಲಿಗೆ ವಾರಕ್ಕೊಮ್ಮೆ ನೀರು. ಬಂದ ದಿನ ಡ್ರಮ್ಮು, ಕೊಡ, ಕೊನೆಗೆ ಚೊಂಬು ಲೋಟಗಳೂ ತುಂಬದೆ ಅಮ್ಮ ನಮ್ಮನ್ನು ಸ್ಕೂಲಿಗೆ ಕಳಿಸುತ್ತಿರಲಿಲ್ಲ. ಈಗ ಮೆಲ್ಬರ್ನಿನ ಟಾರ್ನೀಟ್ ಬಡಾವಣೆಯಲ್ಲಿ ದಿನವಿಡೀ ನೀರು ಬರುವ ಮನೆಯಿದ್ದರೂ ಮಗಳು ಹಲ್ಲುಜ್ಜುವಾಗ ನಾನು ಬಚ್ಚಲ ಬಾಗಿಲಲ್ಲಿ ಕಾವಲು ನಿಲ್ಲುತ್ತೇನೆ.

ಮಗಳು ಇಂಚರ ಆರನೆಯ ಹುಟ್ಟುಹಬ್ಬಕ್ಕೆ ದೋಣಿ ಹತ್ತಬೇಕೆಂದಳು. ಆರು ಗಂಟೆ ಕಾರು ಓಡಿಸಿ ಮರ್ರೆ ನದಿಯ ದಂಡೆಯ ಮಿಲ್ಡುರಾಕ್ಕೆ ಹೋದೆವು. ಅಲ್ಲಿ ಅಡ್ಡಗಟ್ಟೆಯ ಪಕ್ಕದಲ್ಲಿ ದೋಣಿಗಳನ್ನು ಕೆಳಗಿಳಿಸಲು ‘ಲಾಕ್’ ಎಂಬ ದೊಡ್ಡ ಸಿಮೆಂಟಿನ ತೊಟ್ಟಿಯಿದೆ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ ನೀರನ್ನು ಕೆಳಗಿನ ನದಿಗೆ ಬಿಡುತ್ತಾರೆ. ನೀರಿನ ಜೊತೆ ದೋಣಿಯೂ ಇಳಿಯುತ್ತದೆ. ಹತ್ತುವ ಮುಂಚೆ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದಳು.

“ರೀ, ಇವತ್ತೊಂದಿನ ನಿಮ್ಮ ನೀರಿನ ಪುರಾಣ ತೆಗೀಬೇಡಿ. ಮಗು ಬರ್ತ್‌ಡೇ ಹಾಳಾಗ್ಬಾರ್ದು.”

“ಬಾಯಿ ಬಿಟ್ರೆ ಕೇಳು” ಎಂದೆ.

ಮೊದಲ ಐದು ನಿಮಿಷ ಬಿಡಲಿಲ್ಲ, ಸತ್ಯ. ನೀರು ಇಳಿಯುತ್ತಾ ಹೋಯಿತು, ಒದ್ದೆ ಗೋಡೆ ನಮ್ಮ ತಲೆಗಿಂತ ಮೇಲೆದ್ದಿತು. ನಾನು ಮನಸ್ಸಿನಲ್ಲೇ ಡ್ರಮ್ಮು ಎಣಿಸುತ್ತಿದ್ದೆ. ನಮ್ಮ ಬೀದಿಯ ಎಷ್ಟೋ ವರ್ಷಗಳ ಸ್ನಾನ ಕಣ್ಣೆದುರೇ ಹೋಗುತ್ತಿದ್ದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಕೊನೆಗೆ ತಡೆಯಲಾರದೆ, ಹಗ್ಗ ಹಿಡಿದು ನಿಂತಿದ್ದ ದೋಣಿಯ ಮುದುಕನನ್ನು ಇಂಗ್ಲಿಷಿನಲ್ಲಿ ಬಹಳ ವಿನಯದಿಂದ ಕೇಳಿದೆ: ಇಷ್ಟು ಜನರನ್ನು ಇಳಿಸಲು ಇಷ್ಟೊಂದು ನೀರು ಬೇಕೇ, ನಾಲ್ಕು ಮೆಟ್ಟಿಲು ಕಟ್ಟಿಸಿದ್ದರೆ ಆಗುತ್ತಿರಲಿಲ್ಲವೇ? ದೋಣಿಗೆ ಮೆಟ್ಟಿಲಿಳಿಯಲು ಬರುವುದಿಲ್ಲ ಎಂದು ಅವನೂ ಅಷ್ಟೇ ವಿನಯದಿಂದ ಹೇಳಿದ. ಹೆಂಡತಿ ನನ್ನ ತೋಳು ಚಿವುಟಿದಳು.

ತಿರುಗಿ ನೋಡಿದರೆ, ದೋಣಿಯಲ್ಲಿದ್ದ ಉಳಿದ ಮಕ್ಕಳೆಲ್ಲ ಅಂಚಿನಲ್ಲಿ ಇಣುಕುತ್ತ ಕೇಕೆ ಹಾಕುತ್ತಿದ್ದಾರೆ, ಇಂಚರ ಒಬ್ಬಳೇ ಬೆಂಚಿನ ಮೇಲೆ ಮುದುರಿ ಕೂತಿದ್ದಾಳೆ.

“ಏನಾಯ್ತು ಪುಟ್ಟಿ, ಭಯ ಆಯ್ತಾ?”

“ನೋ. ಯು ಆರ್ ಸ್ಯಾಡ್, ಅಪ್ಪ. ಸಾರಿ ಐ ಆಸ್ಕ್ಡ್ ಫಾರ್ ದ ಬೋಟ್” ಎಂದಳು.

ತಾನು ದೋಣಿ ಕೇಳಿದ್ದರಿಂದಲೇ ಅಪ್ಪನ ನೀರೆಲ್ಲ ಹೋಯಿತು ಎಂದುಕೊಂಡಿತ್ತು ಮಗು. ಅಲ್ಲಿಯವರೆಗೆ ನಾನು ನೋಡಿದ್ದು ಬರೀ ನೀರನ್ನು. ಅವಳು ನೋಡಿದ್ದು ಬರೀ ನನ್ನ ಮುಖವನ್ನು. ಅವಳನ್ನು ಎತ್ತಿಕೊಂಡು ಮುಂದಕ್ಕೆ ಹೋದೆ. ಅಷ್ಟರಲ್ಲಿ ಕೆಳಗಿನ ಬಾಗಿಲು ತೆರೆಯಿತು. ಎದುರಿಗೆ ಬಿಸಿಲಲ್ಲಿ ಇಡೀ ನದಿ.

“ನೋಡು, ಹೋಗಿರೋ ನೀರೆಲ್ಲ ಅಲ್ಲೇ ಇದೆ. ಒಂದು ಹನೀನೂ ವೇಸ್ಟ್ ಆಗಿಲ್ಲ. ಅಪ್ಪಂಗೇ ಬುದ್ಧಿ ಇಲ್ಲ.”

ಅವಳು ನದಿ ನೋಡಲಿಲ್ಲ. ನನ್ನ ಗಲ್ಲ ಹಿಡಿದು ಮುಖವನ್ನೇ ಪರೀಕ್ಷೆ ಮಾಡಿದಳು. ಪಾಸಾದೆನೆಂದು ಕಾಣುತ್ತದೆ.

“ದೆನ್ ಕ್ಯಾನ್ ವಿ ಡೂ ಇಟ್ ಅಗೇನ್ ಟುಮಾರೊ?”

“ಹೂಂ ಪುಟ್ಟಿ, ನಾಳೇನೂ ಬುಕ್ ಮಾಡೋಣ. ಎಷ್ಟು ಬೇಕಾದ್ರೂ ನೀರು ಬಿಡ್ಲಿ.”

ಹೆಂಡತಿ ಹತ್ತಿರ ಬಂದು ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.