ನಾಲ್ಕು ಬಾಗಿಲಿನ ಕುದುರೆ

ಅಂತ್ಯಕ್ರಿಯೆ ಮುಗಿದ ಮರುದಿನ ಬೆಳಿಗ್ಗೆ ಐದಕ್ಕೆ ಕುದುರೆಗಳು ಎಂದಿನಂತೆ ಬಾಗಿಲು ಒದ್ದವು. ಯಜಮಾನ ಸತ್ತ ಸುದ್ದಿಯನ್ನು ಅವುಗಳಿಗೆ ಯಾರೂ ತಿಳಿಸಿರಲಿಲ್ಲ. ತಿಳಿಸಿದ್ದರೂ ಮೇವು ಬೇಡ ಅನ್ನುವ ಜಾತಿ ಅವಲ್ಲ. ಅವಳು ಎದ್ದು, ಗಂಡನ ರಬ್ಬರ್ ಬೂಟಿನಲ್ಲಿ ಕಾಲು ತೂರಿಸಿ, ಮಹಡಿಯಿಂದ ಲಾಯಕ್ಕೆ ಇಳಿದಳು. ಇನ್ನೂ ಅಳು ಬಂದಿರಲಿಲ್ಲ. ಹಲ್ಲು ಕೀಳಿಸಿಕೊಂಡ ದವಡೆಯ ಹಾಗೆ ಮೈಯೆಲ್ಲ ಮರಗಟ್ಟಿತ್ತು.

ಗಂಡನದು ಅಗ್ಗದ ಪಂದ್ಯದ ಕುದುರೆಗಳ ಕಸುಬು. ದೊಡ್ಡ ಲಾಯದವರು ಬೇಡವೆಂದು ತಳ್ಳಿದ ಥರೋಬ್ರೆಡ್ ತಳಿಯ ಕುದುರೆಗಳನ್ನು ತಂದು ಕಟ್ಟಿ, ಬೆಲೆ ಕಡಿಮೆಯಾದರೆ ಕಾಲೇನು ಮೂರಿರುತ್ತವೆಯೇ ಎಂದು ಕೇಳುತ್ತಿದ್ದ. ಕಾಲು ನಾಲ್ಕೇ ಇರುತ್ತಿದ್ದವು. ಒಂದೊಂದು ಒಂದೊಂದು ಹೊತ್ತಿಗೆ ಗುರಿ ಮುಟ್ಟುತ್ತಿತ್ತು, ಅಷ್ಟೆ.

ತೊಂದರೆ ಶುರುವಾದದ್ದು ಲಾಯದ ಗೋಡೆಗೆ ಅಂಟಿಸಿದ್ದ ಒಂದು ಕಾಗದದಿಂದ. ಲಾಯವೂ ಮೇಲಿನ ಎರಡು ಕೋಣೆಯ ಮನೆಯೂ ಪಂದ್ಯದ ಕಚೇರಿಯವು. ವರ್ಷಕ್ಕೊಮ್ಮೆ ತಪಾಸಣೆ. ನಾಲ್ಕು ಕುದುರೆ ನಿಂತಿದ್ದರೆ ಇನ್ನೊಂದು ವರ್ಷ ಇರಬಹುದು. ಒಂದು ಕಡಿಮೆಯಾದರೂ ವಾರದೊಳಗೆ ಗಂಟುಮೂಟೆ ಕಟ್ಟಬೇಕು. ಹೋಗಲು ಬೇರೆ ಸೂರು ಅವಳಿಗೂ ಇರಲಿಲ್ಲ, ಅತ್ತೆಗೂ ಇರಲಿಲ್ಲ. ತಪಾಸಣೆ ನಿನ್ನೆಯೇ ಆಗಬೇಕಿತ್ತು. ಸಾವಿನ ಮನೆಯೆಂದು ಕಚೇರಿಯವರು ಕರುಣೆ ತೋರಿಸಿ ಇಡೀ ಬೀದಿಯದನ್ನು ಇವತ್ತಿಗೆ ಮುಂದೂಡಿದ್ದರು. ಕರುಣೆ ಪೂರ್ತಿ ಇಪ್ಪತ್ತನಾಲ್ಕು ಗಂಟೆಯದು.

ನಾಲ್ಕಿವೆಯಲ್ಲ, ಹೆದರಿಕೆ ಏಕೆ ಎಂದುಕೊಂಡು ಅವಳು ಮೇವು ಹಾಕಿದಳು.

ಏಳಕ್ಕೆ ಪಕ್ಕದ ಲಾಯದ ಹಿರಿಯರು ಬಂದರು. ಒಳ್ಳೆಯವರಿಗೆ ಆಯಸ್ಸು ಕಡಿಮೆ ಎಂದರು. ತಮಗೆ ಎಪ್ಪತ್ತೆರಡೆಂಬುದು ಆ ಕ್ಷಣಕ್ಕೆ ಮರೆತಿರಬೇಕು. ಕಣ್ಣೊರೆಸಿದ ಕರವಸ್ತ್ರವನ್ನು ಮಡಿಸುತ್ತ, "ಇದನ್ನ ಹೇಳೋ ಹೊತ್ತಲ್ಲಮ್ಮ. ಆ ಮೊದಲನೇ ಕೋಣೇ ಕುದುರೆ ನಮ್ಮದು. ಹೋದ ತಪಾಸಣೆಗೆ ಅಂತ ನಿನ್ನ ಗಂಡ ಇಸ್ಕೊಂಡಿದ್ದ. ಇವತ್ತು ನಾನೂ ನಾಲ್ಕು ತೋರಿಸ್ಬೇಕಲ್ಲ" ಎಂದರು.

"ಮೊದಲನೇದಾ?"

"ಎರಡನೇದೂ. ಅದು ನನ್ನ ಬಾಮೈದಂದು. ನಿನ್ನ ಮುಖ ನೋಡೋಕಾಗಲ್ಲ ಅಂತ ಪಾಪ ಅಳ್ತಾ ಕೂತಿದಾನೆ. ಬಂದ ಕೈಯಲ್ಲಿ ನಾನೇ ಹೊಡ್ಕೊಂಡು ಹೋಗ್ತೀನಿ."

ಬಂದಾಗ ಒಬ್ಬರೇ ಇದ್ದವರು ಹೋಗುವಾಗ ಮೂವರಾಗಿ ಹೋದರು.

ಆಮೇಲೆ ಲಾಳ ಹೊಡೆಯುವವನು ಬಂದ. ಮೂರನೆಯ ಕುದುರೆಯ ಪಾದ ಎತ್ತಿ ನಿಟ್ಟುಸಿರು ಬಿಟ್ಟು, "ಅಕ್ಕಾ, ಈ ಲಾಳ ನಾನೇ ಹೊಡೆದದ್ದು" ಎಂದ.

"ಎಲ್ಲಾ ಕುದುರೆಗೂ ನೀನೇ ತಾನೆ ಹೊಡೆಯೋದು?"

"ಹೌದಕ್ಕಾ. ಆದರೆ ಈ ಲಾಳದ ಮೇಲಿರೋ ಕುದುರೇನೂ ನಂದೇ." ಕುಲುಮೆಯ ಹಿಂದೆ ತನಗೂ ಒಂದು ಲಾಯವಿದೆ, ತನಗೂ ತಪಾಸಣೆ ಇವತ್ತೇ ಎಂದು ನೆಲ ನೋಡುತ್ತ ಹೇಳಿದ. ಅವಳು ಹಗ್ಗ ಬಿಚ್ಚಿಕೊಟ್ಟಳು.

ಉಳಿದದ್ದು ಒಂದೇ. ಅವಸರ ಎಂಬ ಹೆಸರಿನ ಕಂದು ಹೆಣ್ಣುಕುದುರೆ. ಓಡಿದ ಒಂಬತ್ತು ಪಂದ್ಯಗಳಲ್ಲೂ ಮುಂದಿನವರಿಗೆ ದಾರಿ ಬಿಟ್ಟುಕೊಟ್ಟ ಸಭ್ಯ ಪ್ರಾಣಿ. ಹರಾಜಿನಲ್ಲಿ ನೊಣ ಓಡಿಸಲು ಕೈಯೆತ್ತಿದಾಗ ಅದು ತನ್ನ ತಲೆಗೆ ಬಿತ್ತೆಂದು ಗಂಡ ಹೇಳಿದ್ದ. ಇಷ್ಟು ಮಾನಗೇಡಿ ಕತೆಯನ್ನು ಯಾರೂ ಕಟ್ಟಿ ಹೇಳಲಾರರೆಂದು ಅವಳು ನಂಬಿದ್ದಳು.

ಉಪಾಯ ಅತ್ತೆಯದು. ಲಾಯದ ಪ್ರತಿ ಕೋಣೆಗೂ ಹಿಂದೊಂದು ಬಾಗಿಲಿದೆ. ಅಧಿಕಾರಿ ಮುಂದಿನಿಂದ ಬರಲಿ, ಕುದುರೆ ಹಿಂದಿನಿಂದ ಬರಲಿ. "ನಡುವೆ ನಾನು ಅಳ್ತೀನಿ" ಎಂದರು.

"ನೀವು ನಿನ್ನೆ ಕೂಡ ಅಳಲಿಲ್ಲವಲ್ಲ, ಅತ್ತೆ."

"ನಿನ್ನೆ ಅತ್ತಿದ್ರೆ ಏನು ಸಿಗ್ತಿತ್ತೇ?"

ಅವಳು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವಳು. ಒಂದೇ ಪಡೆಯನ್ನು ಕೋಟೆಯ ಸುತ್ತ ತಿರುಗಿಸಿ ಶತ್ರುವನ್ನು ಬೆದರಿಸಿದ ರಾಜರ ಬಗ್ಗೆ ಹತ್ತು ಅಂಕದ ಉತ್ತರ ಬರೆದವಳು. ಕುದುರೆಯ ಹಿಂದೆ ತಳ್ಳುವವರು ಯಾರೆಂದು ಪಠ್ಯದಲ್ಲಿ ಇರಲಿಲ್ಲ.

ಹತ್ತಕ್ಕೆ ಅಧಿಕಾರಿ ಬಂದ. ಛತ್ರಿಯ ಕಡ್ಡಿಯಂಥ ಮನುಷ್ಯ, ಕಂಕುಳಲ್ಲಿ ರಟ್ಟಿನ ಹಲಗೆ. ಮೊದಲ ಬಾಗಿಲಲ್ಲಿ ಅವಸರವನ್ನು ನೋಡಿ ಏನೋ ಬರೆದುಕೊಂಡ. ತಲೆ ಎತ್ತುವಷ್ಟರಲ್ಲಿ ಅತ್ತೆ ಅವನ ತೋಳು ಹಿಡಿದು ಗೊಳೋ ಎಂದರು. ಹಿಂದೆ ಅವಳು ಕುದುರೆಯನ್ನು ಎಳೆದಳು, ತಳ್ಳಿದಳು, ಕೊನೆಗೆ ಕೈಮುಗಿದಳು. ಎರಡನೆಯ ಬಾಗಿಲಲ್ಲಿ ಅದು ಹುಲ್ಲು ಅಗಿಯುತ್ತ ನಿಂತಿತ್ತು. ಮೂರನೆಯದರಲ್ಲಿ ಗಂಡನ ಹಳೆಯ ಕಂಬಳಿ ಹೊದ್ದು ನಿಂತಿತ್ತು.

ಮೂರನೆಯ ಬಾಗಿಲ ಬಳಿ ಅತ್ತೆ ಬೇಕಾದುದಕ್ಕಿಂತ ಹೆಚ್ಚು ಅತ್ತರು. ಕುದುರೆ ನಾಲ್ಕನೆಯದಕ್ಕೆ ಬಂದು ಮುಟ್ಟಿ, ಸೊಸೆ ಕೆಮ್ಮಿ ಸನ್ನೆ ಮಾಡಿದರೂ ನಿಲ್ಲಿಸಲಿಲ್ಲ. ಅಧಿಕಾರಿಯೇ ಅವರನ್ನು ಹುಲ್ಲಿನ ಕಂತೆಯ ಮೇಲೆ ಕೂರಿಸಬೇಕಾಯಿತು.

ನಾಲ್ಕನೆಯ ಬಾಗಿಲಲ್ಲಿ ಕಂಬಳಿ ಬಾಲಕ್ಕೆ ಜೋತುಬಿದ್ದಿತ್ತು. ಅಲ್ಲಿ ಕೇಳುತ್ತಿದ್ದ ಏದುಸಿರಿನಲ್ಲಿ ಕುದುರೆಯದೆಷ್ಟು, ಅವಳದೆಷ್ಟು ಎಂದು ಹೇಳುವಂತಿರಲಿಲ್ಲ. ಅಧಿಕಾರಿ ಬಹಳ ಹೊತ್ತು ನೋಡಿದ. ಆಮೇಲೆ 'ಕುದುರೆಗಳು ನಾಲ್ಕು, ಎಲ್ಲವೂ ಸುಸ್ಥಿತಿಯಲ್ಲಿವೆ' ಎಂದು ಬರೆದು, ಮೊಹರು ಒತ್ತಿ ಕೈಗಿತ್ತ.

ಮನೆ ಉಳಿಯಿತು. ಗಂಡ ಸತ್ತ ಮೇಲೆ ಮೊದಲ ಸಲ ಅವಳಿಗೆ ಹಸಿವಾಯಿತು.

ಅಧಿಕಾರಿ ಮಾತ್ರ ಹೊರಡಲಿಲ್ಲ. ಬೀದಿಯ ಆಚೀಚೆ ನೋಡಿ ದನಿ ತಗ್ಗಿಸಿದ. "ತಪ್ಪು ತಿಳೀಬೇಡಿ ಅಮ್ಮ. ಹೋದ ವರ್ಷ ಒಂದು ಕಮ್ಮಿ ಬಿದ್ದಿದೆ ಅಂತ ನಿಮ್ಮ ಯಜಮಾನರು ನನ್ನನ್ನೇ ಕೇಳಿದ್ರು. ಈ ವರ್ಷದ ತಪಾಸಣೆ ಮುಗಿದ ಕೂಡಲೇ ವಾಪಸ್ ಕೊಡ್ತೀನಿ ಅಂದಿದ್ರು."

"ಯಾವುದನ್ನ?"

"ನಾಲ್ಕು ಬಾಗಿಲಲ್ಲೂ ನಾನು ನೋಡಿದ್ದನ್ನ."

ಕಚೇರಿಯವರು ಕುದುರೆ ಸಾಕುವಂತಿಲ್ಲ, ಆದ್ದರಿಂದ ತಾನು ಹಿಡಿದುಕೊಂಡು ಹೋದರೆ ಚೆನ್ನಾಗಿರುವುದಿಲ್ಲ, ತನ್ನ ಮನೆಯ ಹಿತ್ತಲಿಗೆ ಅವಳೇ ತಂದುಬಿಟ್ಟರೆ ಉಪಕಾರ ಎಂದ. ನಿಯಮ ನಿಯಮವೇ ಎಂದೂ ಸೇರಿಸಿದ.

ಊಟವಾದ ಮೇಲೆ ಅವಳು ಅವಸರವನ್ನು ಹಿಡಿದು ಬೀದಿಗಿಳಿದಳು. ಪಕ್ಕದ ಹಿರಿಯರು ತಮ್ಮ ನಾಲ್ಕು ಕುದುರೆಗಳ ಮುಂದೆ ನಿಂತು, ಗಂಡ ಹೋದರೂ ಲಾಯ ಉಳಿಸಿಕೊಂಡೆ, ಗಟ್ಟಿಗಿತ್ತಿ ನೀನು ಎಂದು ಹರಸಿದರು. ಕುದುರೆಯೇ ಇಲ್ಲದ ಲಾಯಕ್ಕೆ ಇನ್ನೊಂದು ವರ್ಷದ ಹಕ್ಕು ಅವಳ ಜೇಬಿನಲ್ಲಿ ಬೆಚ್ಚಗಿತ್ತು.

ಅಧಿಕಾರಿಯ ಹಿತ್ತಲಲ್ಲಿ ಅವನ ಹೆಂಡತಿ ಹಗ್ಗ ತೆಗೆದುಕೊಂಡು ಕುದುರೆಯ ಸುತ್ತ ಒಂದು ಸುತ್ತು ಬಂದಳು. ಗಲ್ಲಿಯತ್ತ ಇಣುಕಿದಳು.

"ಇಸ್ಕೊಂಡಿದ್ದು ಇದೊಂದೇನಾ?"

ಅವಳು ಜೇಬಿನಿಂದ ಕಾಗದ ತೆಗೆದು ಬಿಡಿಸಿ ತೋರಿಸಿದಳು.

"ನಿಮ್ಮ ಯಜಮಾನರು ನಾಲ್ಕು ಅಂತ ಬರೆದಿದಾರೆ. ಸರಿಯಾಗಿ ಎಣಿಸಿ ಕಟ್ಟಿಹಾಕ್ಕೊಳ್ಳಿ."