ಮೂವತ್ತೈದು ದಾಟಿದವರೇ ಬೇಕು!

ನನ್ನ ಸೋದರಮಾವನ ಕ್ರಿಕೆಟ್ ತಂಡ ಸೇರಲು ಎರಡೇ ಅರ್ಹತೆ: ವಯಸ್ಸು ಮೂವತ್ತೈದು ದಾಟಿರಬೇಕು, ಅಲ್ಲಿಯವರೆಗೆ ಚೆಂಡು ಮುಟ್ಟಿರಬಾರದು! ನಂಬುವುದಿಲ್ಲವೇ? ಎಪ್ಪತ್ತರ ದಶಕದ ಕೊನೆಯಲ್ಲಿ ದೇವದುರ್ಗದ ಆ ತಂಡಕ್ಕೆ ರನ್ನು ಬರೆಯುತ್ತಿದ್ದವನು ನಾನೇ.

"ಹುಡುಗ್ರು ಬ್ಯಾಡಲೇ," ಎನ್ನುತ್ತಿದ್ದ ತಾಲ್ಲೂಕು ಕಚೇರಿ ಗುಮಾಸ್ತನಾದ ಮಾವ. "ಎರಡು ಮ್ಯಾಚ್ ಆಡ್ತಾರ, ನೌಕರಿ ಸಿಕ್ತು ಅಂತ ಹೋಗ್ತಾರ. ಮೂವತ್ತೈದು ದಾಟಿದಾಂವ ಎಲ್ಲಿಗೆ ಹೋಗ್ತಾನ?"

ದೇವದುರ್ಗದಲ್ಲಿ ಗೆದ್ದವನಿಗೆ ಮಾನ್ವಿ, ಮಾನ್ವಿಯಲ್ಲಿ ಗೆದ್ದವನಿಗೆ ರಾಯಚೂರು, ಅಲ್ಲಿಂದ ಜಿಲ್ಲಾ ತಂಡ. ಇದು ಅವನ ಏಣಿ. ಒಬ್ಬ ಹಮಾಲ, ಒಬ್ಬ ಟೇಲರ್ ಮಾನ್ವಿಯವರೆಗೆ ಹತ್ತಿ ಇಳಿದಿದ್ದರು. ಪಂದ್ಯ ನೋಡುವ ಧೈರ್ಯ ಮಾತ್ರ ಮಾವನಿಗಿರಲಿಲ್ಲ. ಮೈದಾನಕ್ಕೆ ಬೆನ್ನು ಹಾಕಿ ನಿಂತು, "ಏನಾತಲೇ? ಬಿತ್ತೇನು?" ಎಂದು ನನ್ನ ಜೀವ ತಿನ್ನುತ್ತಿದ್ದ.

ಒಮ್ಮೆ ಮಸರಕಲ್ ಬಳಿ ಬಸ್ಸಿನ ಕಿಟಕಿಯಿಂದ ಒಬ್ಬ ಕುರಿಗಾರ ಕಂಡ. ಜೋಳದ ಹೊಲಕ್ಕೆ ನುಗ್ಗುತ್ತಿದ್ದ ಟಗರಿಗೆ ಕಲ್ಲೆಸೆದ. ಕಲ್ಲು ಟಗರಿಗೆ ತಾಗಲಿಲ್ಲ. ಮೂತಿಯ ಮುಂದೆ ಒಂದೇ ಗೇಣಿಗೆ ಬಿತ್ತು. ಟಗರು ತಿರುಗಿತು. ಮತ್ತೆ ಎಸೆದ, ಅದೇ ಗೇಣು! ಮಾವ ಬಸ್ ನಿಲ್ಲಿಸಿ ಇಳಿದೇಬಿಟ್ಟ.

"ವಯಸ್ಸೆಷ್ಟೋ?"

"ಮೂವತ್ತೊಂಬತ್ತು ಇರಬೇಕ್ರಿ."

"ಶಾಬಾಸ್!"

ವಯಸ್ಸು ಹೇಳಿ ಶಾಬಾಸ್ ಪಡೆದ ಬೇರೊಬ್ಬನನ್ನು ನಾನು ಕಂಡಿಲ್ಲ.

ಬೌಲಿಂಗಿನಲ್ಲಿ ಮೊಣಕೈ ಮಡಚಬಾರದಲ್ಲ? ಅಭ್ಯಾಸವಾಗಲೆಂದು ಮಾವ ಅವನ ತೋಳಿಗೆ ತೊಗರಿ ಕಟ್ಟಿಗೆ ಕಟ್ಟಿ ಮನೆಗೆ ಕಳಿಸಿದ. ಮರುದಿನ ಅವನ ಹೆಂಡತಿ ಕಚೇರಿ ಬಾಗಿಲಲ್ಲಿ! "ಯಾರ್ರೀ ನನ್ನ ಗಂಡನ ಕೈ ಮುರಿದೋರು?" ತಹಶೀಲ್ದಾರರೇ ಹೊರಗೆ ಬಂದರು.

ದೇವದುರ್ಗದ ಪಂದ್ಯದಲ್ಲಿ ಕುರಿಗಾರನ ಚೆಂಡು ಪ್ರತಿಸಲವೂ ಬ್ಯಾಟುಗಾರನ ಹೆಬ್ಬೆರಳಿನ ಮುಂದೆಯೇ ಬಿತ್ತು. ಒಂದು ಪುಟಿದು ಕಾಲಿಗೆ ಬಡಿಯಿತು, ಅಂಪೈರ್ ಬೆರಳೆತ್ತಿದ. ನಮ್ಮವರು ಕುಣಿದರು. ಕುರಿಗಾರ ಮಾತ್ರ ಓಡಿಹೋಗಿ, ಕುರಿಮರಿಯ ಕಾಲು ನೋಡುವಂತೆ ಬ್ಯಾಟುಗಾರನ ಕಾಲು ಹಿಡಿದು ಕುಳಿತ. "ಪೆಟ್ಟಾತೇನೋ ಯಪ್ಪಾ? ಅರಿಷಿಣ ಹಚ್ಲೇನು?"

ಮಾನ್ವಿಯನ್ನೂ ದಾಟಿದ. ಉಳಿದದ್ದು ರಾಯಚೂರಿನ ಆಯ್ಕೆ ಪಂದ್ಯ. ಹಿಂದಿನ ವಾರವೆಲ್ಲ ಮಾವ ಅಂಗಳದಲ್ಲಿ ಅಡ್ಡಾಡಿದ. ಜಿಲ್ಲಾ ತಂಡಕ್ಕೆ ಸೇರಿಸಿಯೇ ತೀರುತ್ತೇನೆಂದು ಕುರಿಗಾರನ ಊರು ಮಸರಕಲ್ಲಿನ ಕಟ್ಟೆಯ ಮೇಲೆ ಮಾತು ಕೊಟ್ಟುಬಿಟ್ಟಿದ್ದ. ಕುರಿಗಾರನೂ ನಗುತ್ತಿರಲಿಲ್ಲ. "ಊರಿಗೆಲ್ಲ ಹೇಳಿ ಹೊಂಟೀನ್ರಿ ಸಾಹೇಬ್ರ. ಆಗಲಿಲ್ಲಂದ್ರ ಯಾವ ಮಾರಿ ತೋರಿಸ್ಲಿ?"

"ಜಿಲ್ಲಾ ತಂಡಕ್ಕ ಮೂವತ್ತು ದಾಟಿದವ್ರನ್ನ ತಗೊಳ್ಳಂಗಿಲ್ಲ," ಎಂದ ಮಾವ. "ವಯಸ್ಸು ಕೇಳಿದ್ರ ಇಪ್ಪತ್ತೆಂಟು ಅನ್ನು. ತಿಳೀತಿಲ್ಲೋ?"

ರಾಯಚೂರಿನಲ್ಲಿ ಅವನು ನಾಲ್ಕು ವಿಕೆಟ್ ಕಿತ್ತ. ಆಯ್ಕೆಗಾರರು ಕರೆದರು. ಮಾವನ ಉಗುರು ನನ್ನ ತೋಳಿಗೆ ನಾಟಿತು.

"ವಯಸ್ಸೆಷ್ಟಪ್ಪಾ?"

"ಇಪ್ಪತ್ತೆಂಟ್ರೀ!"

"ಮಕ್ಕಳು?"

ಅವನ ಮುಖ ಅರಳಿತು. "ಹಿರೇ ಮಗಳು ಹ್ವಾದ ತಿಂಗಳ ಹಡದಾಳ್ರಿ. ಗಂಡು ಕೂಸು!"

ಸಂಜೆ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಮಾವ ಮೂರು ಸಲ ಓದಿದ. ಊರಿನ ಬಸ್ಸು ಹತ್ತಿದೆವು. ಊರಿನವರಿಗೆ ಏನು ಹೇಳುವುದು ಎಂಬುದೇ ನನ್ನ ತಲೆಯಲ್ಲೂ ಸುತ್ತುತ್ತಿತ್ತು.

ಕುರಿಗಾರ ತನ್ನ ಬುತ್ತಿ ಬಿಚ್ಚಿದ. ರೊಟ್ಟಿ ಮುರಿದು, ಪುಂಡಿ ಪಲ್ಯ ಇಟ್ಟು, ಮಾವನ ಕೈಗೆ ಕೊಟ್ಟ.

"ಮುಂಜಾನಿಂದ ಏನೂ ತಿಂದಿಲ್ಲ ನೀವು. ತಿನ್ರಿ. ಊರಿಗೆ ನಾ ಹೇಳ್ತೀನಿ. ನಿಮಗ್ಯಾರೂ ಏನೂ ಅನ್ನಂಗಿಲ್ಲ."

ಮಾವ ರೊಟ್ಟಿ ಹಿಡಿದುಕೊಂಡೇ ಕುಳಿತಿದ್ದ. ಆಮೇಲೆ, ಮಗುವಿನ ಹಾಗೆ ಕೇಳಿದ: "ನಾಳೆ ಮೈದಾನಕ್ಕ ಬರ್ತೀಯಿಲ್ಲೋ?"